ಹಾಲಮ್ಮನ ಹಿಂದೆ ಹನ್ನೊಂದು ಸುತ್ತು

ನಮ್ಮೂರಿನ ಹೆಂಗಸರ ಬೆನ್ನ ಮೇಲೆ ಕಿಟಕಿಗಳಿವೆ. ಕಣ್ಣರಳಿಸುವವರು ಅರಳಿಸಲಿ, ನನಗೆ ಅದಕ್ಕೆಲ್ಲ ಪುರುಸೊತ್ತಿಲ್ಲ. ಒಂದೊಂದೂ ಹುಣಸೆಬೀಜದಷ್ಟು. ಎರಡು ಹೆಗಲುಗಳ ನಡುವೆ ಇಪ್ಪತ್ತೋ ಇಪ್ಪತ್ತೆರಡೋ ಇರುತ್ತವೆ. ಯಾವುದು ಎಲ್ಲಿರಬೇಕು ಎನ್ನುವುದು ತಾಯಿಯಿಂದ ಮಗಳಿಗೆ ಮೂಗು ಬರುವ ಹಾಗೆ ಬರುತ್ತದೆ. ಅಪ್ಪನ ಕಡೆಯ ಅಜ್ಜಿಯದೂ ಒಂದೆರಡು ಸೇರಿಕೊಳ್ಳುತ್ತವೆ. ಗಾಳಿ ಜೋರಾದರೆ ಪಟಪಟ ಎನ್ನುತ್ತವೆ, ಸಿಟ್ಟು ಬಂದರೆ ಕೆಲವು ಟಪ್ಪೆಂದು ಮುಚ್ಚಿಕೊಳ್ಳುತ್ತವೆ. ಗಂಡಂದಿರು ಊಟಕ್ಕೆ ಕೂರುವ ಮುಂಚೆ ಅಡುಗೆಮನೆಯ ಕಡೆಗೆ ಕಿವಿಗೊಡುವುದು ಅದಕ್ಕೇ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿಗೆ ಕೈ ಹಾಕುವ ಮುಂಚೆ ಫ್ಯಾನು ಹಾಕಿಸುತ್ತಾರೆ. ಗಂಡಸರಿಗೆ ಕಿಟಕಿ ಇಲ್ಲ. ಇದ್ದರೂ ಇಷ್ಟು ದಿನ ಯಾರೂ ಒಪ್ಪಿಕೊಂಡಿಲ್ಲ.

ನನ್ನ ಹೆಸರು ಚೂಡಾಮಣಿ. ಊರಿಗೆಲ್ಲ ಚೂಡಕ್ಕ. ಒಂದನೇ ಸುತ್ತಿನಲ್ಲಿ, ನೀರಿನ ಟ್ಯಾಂಕಿನ ಎದುರು ನನ್ನ ಟೈಲರ್ ಅಂಗಡಿ. ನಮ್ಮಲ್ಲಿ ಬೀದಿಗೆ ಸುತ್ತು ಅಂತಲೇ ಹೆಸರು, ಏಕೆಂದರೆ ಊರು ಬೋಡುಗುಡ್ಡ ಎಂಬ ಗುಡ್ಡವನ್ನು ಸುತ್ತಿಕೊಂಡು ಮೇಲೇರುತ್ತದೆ. ಬುಡದಲ್ಲಿ ಒಂದನೇ ಸುತ್ತು, ನೆತ್ತಿಯಲ್ಲಿ ಹನ್ನೊಂದನೆಯದು. ಮೂವತ್ತು ವರ್ಷದಿಂದ ಈ ಹನ್ನೊಂದೂ ಸುತ್ತಿನ ರವಿಕೆಗಳನ್ನು ನಾನೇ ಹೊಲಿದಿದ್ದೇನೆ. ಹೊರಗಿನಿಂದ ಇಬ್ಬರು ಟೈಲರುಗಳು ಬಂದು ಅಂಗಡಿ ಇಟ್ಟು ನೋಡಿದರು. ಕಿಟಕಿಗೆ ಗಾಳಿಯಾಡುವಂತೆ ಬೆನ್ನಿಗೆ ಜಾಳು ಬಟ್ಟೆ ಇಡಬೇಕು, ಹೊಲಿಗೆ ಯಾವ ಚೌಕಟ್ಟಿಗೂ ತಾಗಬಾರದು. ತಾಗಿದರೆ ರವಿಕೆ ತೊಟ್ಟವಳು ದಿನವಿಡೀ ಬಿಕ್ಕಳಿಸುತ್ತಾಳೆ. ಅವರು ಹೊಲಿದ ರವಿಕೆ ತೊಟ್ಟು ಒಂದು ಮದುವೆ ಮನೆಗೆ ಮನೆಯೇ ಬಿಕ್ಕಳಿಸಿದ ಮೇಲೆ ಇಬ್ಬರೂ ಗಂಟುಮೂಟೆ ಕಟ್ಟಿದರು. ನನಗೆ ಸ್ವಲ್ಪ ಜಂಬ ಇದೆ ಎಂದು ಜನ ಹೇಳುತ್ತಾರೆ. ಇದೆ.

ಎಡಗಡೆ ಮೇಲಿನಿಂದ ಮೂರನೆಯ ಕಿಟಕಿಗೆ ಕಾವಲು ಕಿಟಕಿ ಎನ್ನುತ್ತೇವೆ. ಅದು ತೆಗೆದಿದ್ದರೆ ಎದೆಯಲ್ಲಿ ಗಂಟು ಹುಟ್ಟುವ ಸಂಭವ ಕಮ್ಮಿ, ಬಹಳ ವರ್ಷ ಮುಚ್ಚಿಯೇ ಇದ್ದರೆ ಹೆಚ್ಚು. ಕಮ್ಮಿ, ಹೆಚ್ಚು, ಅಷ್ಟೇ. ತೆಗೆದಿದ್ದವರಿಗೂ ಗಂಟು ಬಂದದ್ದುಂಟು. ಮುಚ್ಚಿದ್ದವರು ತೊಂಬತ್ತರವರೆಗೆ ಬಾಳಿ ಸೊಸೆಯರನ್ನು ಗೋಳು ಹೊಯ್ದುಕೊಂಡದ್ದೂ ಉಂಟು. ಆದರೆ ನಮ್ಮ ಮನೆತನದ ಹೆಂಗಸರಿಗೆ ಆ ಕಿಟಕಿಯ ಕೀಲು ಮೊದಲಿನಿಂದಲೂ ಬಿಗಿ. ಚಿಕ್ಕಮ್ಮ ನಲವತ್ತಾರಕ್ಕೆ ಹೋದಳು. ಅಮ್ಮ ಐವತ್ತೊಂದಕ್ಕೆ. ಕೊನೆಯ ವರ್ಷ ಅಮ್ಮನ ರವಿಕೆಯ ಎಡಗಡೆಗೆ ನಾನೇ ಹತ್ತಿ ತುಂಬಿ ಹೊಲಿದು ಕೊಡುತ್ತಿದ್ದೆ. ಈ ಕಥೆ ನಡೆದಾಗ ನನಗೆ ನಲವತ್ತೊಂಬತ್ತು. ನೀವು ಕಳೆಯುವ ಲೆಕ್ಕ ಮಾಡಬೇಡಿ, ನಾನೇ ದಿನಾ ಮಾಡುತ್ತಿದ್ದೆ.

ಇನ್ನು, ನಮ್ಮ ಕಿಟಕಿ ನಮಗೆ ಕಾಣುವುದಿಲ್ಲ. ಕೈ ಅಲ್ಲಿಗೆ ಎಟುಕುವುದಿಲ್ಲ. ಕನ್ನಡಿಯಲ್ಲಿ ಬರೀ ಬೆನ್ನು ಕಾಣುತ್ತದೆ, ಗಂಡನ ಕಣ್ಣಿಗೂ ಅಷ್ಟೇ. ಹಾಗಾಗಿ ಹನ್ನೆರಡು ತುಂಬಿದ ಹುಡುಗಿಯರು ಒಬ್ಬೊಬ್ಬ ಬೆನ್ನುಗೆಳತಿಯನ್ನು ಆರಿಸಿಕೊಳ್ಳುತ್ತಾರೆ. ಜೀವಮಾನಕ್ಕೆ ಒಬ್ಬಳೇ. ಶುಕ್ರವಾರ ಎಣ್ಣೆನೀರು ಆದ ಮೇಲೆ ಒಬ್ಬಳ ಬೆನ್ನು ಇನ್ನೊಬ್ಬಳು ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಬೇರೆ ಹೆಂಗಸರಿಗೆ ಕಂಡರೂ ಅವರು ಬಾಯಿ ಬಿಡುವಂತಿಲ್ಲ. ಟೈಲರಂತೂ ಬಿಡಲೇಬಾರದು, ಅಳತೆ ತೆಗೆಯುವಾಗ ನಾನು ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಳ್ಳುವುದು ಅದಕ್ಕಾಗಿಯೇ. ನನ್ನ ಬೆನ್ನುಗೆಳತಿ ಹಾಲಮ್ಮ. ಮೊಸರು ಮಾರುವವಳು. ತಲೆಯ ಮೇಲೆ ಗಡಿಗೆ ಹೊತ್ತು ಬೆಳಗ್ಗೆ ಆರಕ್ಕೆ ಹೊರಟಳೆಂದರೆ ಎದುರಿಗೆ ಬಂದ ನಾಯಿಯೂ ಪಕ್ಕಕ್ಕೆ ಸರಿಯುತ್ತದೆ. ಮಾತೂ ಹಾಗೆಯೇ, ನೇರ ಮುಖಕ್ಕೆ ಬಂದು ಬಡಿಯುವಂಥದ್ದು.

ಕಾವಲು ಕಿಟಕಿ ತೆಗೆದಿರಬೇಕಾದರೆ ನಡೆಯಬೇಕು ಎಂದು ಊರಿನ ಹೆಂಗಸರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಅಂಗಡಿ ಬೀದಿಯಲ್ಲಿ ಬಳೆ ನೋಡುತ್ತಾ ನಡೆಯುವ ನಡಿಗೆಯಲ್ಲ. ಸಂಜೆ ಐದಕ್ಕೆ ಎಲ್ಲರೂ ಸೇರಿ ಮೂರನೇ ಸುತ್ತಿನವರೆಗೆ ಬಿರುಸಾಗಿ ಹತ್ತಿ ಇಳಿಯಬೇಕು. ಮಾತಾಡುವಷ್ಟು ಉಸಿರಿರಬೇಕು, ಹಾಡುವಷ್ಟು ಇರಬಾರದು. ಮುಂದಿದ್ದವಳು ಇದ್ದಕ್ಕಿದ್ದಂತೆ ಹಿಂದೆ ತಿರುಗಿ "ಹಾಡೇ!" ಎನ್ನುತ್ತಿದ್ದಳು. ಒಂದು ಸಾಲು ಸಲೀಸಾಗಿ ಬಂದರೆ ಅವಳು ಕಳ್ಳಿ, ಅವಳಿಗೆ ಇನ್ನೊಂದು ಸುತ್ತು ಜಾಸ್ತಿ. ಚಾಡಿಗೆ ಮಾತ್ರ ಎಷ್ಟು ಬೇಕಾದರೂ ಉಸಿರಿರುತ್ತಿತ್ತು. ನಾನು ಈ ನಡಿಗೆಯನ್ನು ಮನಸಾರೆ ದ್ವೇಷಿಸುತ್ತಿದ್ದೆ. ಮೊಣಕಾಲು ನೋಯುತ್ತಿತ್ತು, ಹೊಲಿಗೆ ಬಾಕಿ ಇರುತ್ತಿತ್ತು, ಸೀರೆ ಬೆವರಿಗೆ ಅಂಟುತ್ತಿತ್ತು. ಮೇಲಾಗಿ ಹೊಲಿಗೆ ಯಂತ್ರಕ್ಕೆ ಮೋಟರು ಕೂರಿಸಿದ ಮೇಲೆ ಕಾಲಿಗೆ ಕೆಲಸವೇ ಇಲ್ಲದೆ ಸೊಂಟ ನಾಲ್ಕು ಇಂಚು ಬೆಳೆದಿತ್ತು. ಅಳತೆ ಟೇಪು ನನ್ನ ಕೈಯಲ್ಲೇ ಇದ್ದುದರಿಂದ ಎರಡು ಇಂಚು ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಆಗ ನನಗೆ ಆ ಹಾಳು ಉಪಾಯ ಹೊಳೆಯಿತು. ರವಿಕೆಯ ಬೆನ್ನಿನ ಒಳಗಡೆ, ಕಾವಲು ಕಿಟಕಿ ಬರುವ ಜಾಗಕ್ಕೆ, ಒಂದು ಪುಟ್ಟ ಹಿತ್ತಾಳೆ ಕೊಂಡಿ ಹೊಲಿದರೆ? ರವಿಕೆ ತೊಟ್ಟಾಗ ಕೊಂಡಿ ಕಿಟಕಿಯ ಬಾಗಿಲನ್ನು ಹಿಡಿದೆಳೆದು ತೆಗೆದೇ ಇಟ್ಟಿರುತ್ತದೆ. ನಡೆಯುವ ಕಷ್ಟ ಯಾಕೆ? ಮೊದಲು ನನಗೇ ಒಂದು ಹೊಲಿದುಕೊಂಡೆ. ಶುಕ್ರವಾರ ಹಾಲಮ್ಮ ಬಂದಾಗ ಎಣ್ಣೆನೀರಿನ ನಂತರವೂ ಬೇಕೆಂದೇ ಅದನ್ನು ತೊಟ್ಟು, ಬೆನ್ನು ತಿರುಗಿಸಿ ಕೂತೆ.

"ಏನೇ ಇದು?"

"ಕೊಂಡಿ. ಇನ್ಮೇಲೆ ಗುಡ್ಡ ಹತ್ತೋ ಕರ್ಮ ಇಲ್ಲ. ಹೇಳು, ತೆಗೆದಿದ್ಯಾ?"

"ಇದು ತೆಗೆದಿರೋದಲ್ಲ ಕಣೇ ಚೂಡಿ, ಎಳೆದು ಕಟ್ಟಿರೋದು. ಹೆಣದ ಬಾಯಿಗೆ ನಗು ಹೊಲಿದ ಹಾಗೆ. ಬಿಚ್ಚು ಅದನ್ನ."

"ಕಣ್ಣಿಗೆ ಕಾಣ್ತಿರೋದನ್ನ ಹೇಳು ಸಾಕು. ತೆಗೆದಿದ್ಯೋ ಇಲ್ವೋ?"

"ಈ ಸುಳ್ಳು ನನ್ನ ಬಾಯಲ್ಲಿ ಬರಲ್ಲ. ಸಾಯಿಸಿದ್ರೂ ಬರಲ್ಲ."

ಅವಳ ದನಿ ನಡುಗುತ್ತಿತ್ತು. ನನಗೆ ಅದು ಹೊಟ್ಟೆಕಿಚ್ಚಿನ ಹಾಗೆ ಕೇಳಿಸಿತು. "ಮೊಸರಿಗೆ ನೀರು ಬೆರೆಸೋಳು ಬಂದ್ಬಿಟ್ಲು, ನಂಗೆ ಸತ್ಯ ಹೇಳ್ಕೊಡೋಕೆ," ಎಂದುಬಿಟ್ಟೆ. ಹಾಲಮ್ಮ ಹುಟ್ಟಿದಾರಭ್ಯ ಒಂದು ತೊಟ್ಟು ನೀರು ಬೆರೆಸಿದವಳಲ್ಲ. ಊರಿಗೇ ಗೊತ್ತು, ನನಗೂ ಗೊತ್ತು. ಅವಳು ಸೆರಗು ಕೊಡವಿ ಎದ್ದು ಹೋದಳು. ಆಮೇಲೆ ಮೂರು ವರ್ಷ ನಮ್ಮಿಬ್ಬರ ನಡುವೆ ಮಾತಿರಲಿಲ್ಲ, ಮೊಸರಿರಲಿಲ್ಲ, ಶುಕ್ರವಾರವೂ ಇರಲಿಲ್ಲ.

ಕೊಂಡಿ ರವಿಕೆ ಮಾತ್ರ ಊರಿಗೆ ಬೆಂಕಿಯ ಹಾಗೆ ಹಬ್ಬಿತು. ಯುಗಾದಿಗೆ ಹತ್ತು ಹೊಲಿದವಳು ದೀಪಾವಳಿಗೆ ಹಗಲೂ ರಾತ್ರಿ ಹೊಲಿದರೂ ಮುಗಿಯಲಿಲ್ಲ. ಬೇರೆ ಬೆನ್ನುಗೆಳತಿಯರೆಲ್ಲ ಶುಕ್ರವಾರ ರವಿಕೆ ತೊಟ್ಟ ಬೆನ್ನನ್ನೇ ನೋಡಿ "ತೆಗೆದಿದೆ ಕಣೇ, ಅಗಲವಾಗಿ ತೆಗೆದಿದೆ" ಎಂದು ಖುಷಿಯಿಂದ ಹೇಳುತ್ತಿದ್ದರು. ಕಂಡದ್ದನ್ನೇ ಹೇಳಿದ್ದರಿಂದ ಅವರಿಗೆ ಮಾತು ತಪ್ಪಿದ ಪಾಪವೂ ಇರಲಿಲ್ಲ. ಸಂಜೆಯ ನಡಿಗೆ ಮೊದಲು ಮೂರನೇ ಸುತ್ತಿನಿಂದ ಎರಡಕ್ಕೆ ಇಳಿಯಿತು, ಆಮೇಲೆ ಟ್ಯಾಂಕಿನ ಕಟ್ಟೆಗೆ ಬಂದು ಕೂತೇಬಿಟ್ಟಿತು. ಐದು ಗಂಟೆಗೆ ಎಲ್ಲರೂ ಮಂಡಕ್ಕಿ ತಿನ್ನುತ್ತಾ ಕಟ್ಟೆಯ ಮೇಲೆ ಕಾಲಾಡಿಸುತ್ತಿದ್ದರು. ಹಾಡು ಎಂದರೆ ಈಗ ಹನ್ನೆರಡು ಚರಣ ಹಾಡುತ್ತಿದ್ದರು. ಗಂಡಸರು ಹೊತ್ತಿಗೆ ಸರಿಯಾಗಿ ಊಟ ಸಿಕ್ಕಿತೆಂದು ಸಂತೋಷಪಟ್ಟು ತಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ನನಗೆ ಶಾಲು ಹೊದಿಸಿದರು. ಆ ಶಾಲು ಹೊದ್ದುಕೊಂಡು ನಾನು ಹಾಲಮ್ಮನ ಮನೆಯ ಮುಂದೆ ಎರಡು ಸಲ ಹಾದುಹೋದದ್ದು ಸುಳ್ಳಲ್ಲ.

ಮೂರನೇ ವರ್ಷ ಊರಿನ ಆಸ್ಪತ್ರೆಗೆ ಜುಬೇದಾ ಸಿಸ್ಟರ್ ಬಂದರು. ಸಣ್ಣ ಆಳು, ದೊಡ್ಡ ಕನ್ನಡಕ. ಬಂದ ವಾರದಲ್ಲೇ ಹೆಂಗಸರನ್ನೆಲ್ಲ ಸಮುದಾಯ ಭವನಕ್ಕೆ ಕರೆಸಿ, ಬಾಗಿಲು ಹಾಕಿಸಿ, ಗಂಡಸರನ್ನು ಆಚೆ ಅಟ್ಟಿದರು. ನಲವತ್ತೆರಡು ಜನ ಸೇರಿದ್ದೆವು. ಸಿಸ್ಟರ್ ಒಬ್ಬಳ ರವಿಕೆಯ ಬೆನ್ನು ಮುಟ್ಟಿ ನೋಡಿದರು, ಇನ್ನೊಬ್ಬಳದು ನೋಡಿದರು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಎಲ್ಲರೂ ಈ ಕೊಂಡಿ ಬಿಚ್ಚಿ," ಎಂದರು. "ಒಬ್ಬರಿಗೊಬ್ಬರು ಸಹಾಯ ಮಾಡ್ಕೊಳ್ಳಿ."

ಮೊದಲ ಸಾಲಿನಲ್ಲಿ ಟಪ್ ಎಂದಿತು. ಪಕ್ಕದಲ್ಲೇ ಇನ್ನೊಂದು ಟಪ್. ಆಮೇಲೆ ಭವನದ ಆ ತುದಿಯಿಂದ ಈ ತುದಿಯವರೆಗೆ ಟಪ್ ಟಪ್ ಟಪ್ ಎಂದು, ಒಲೆಯ ಮೇಲೆ ಜೋಳ ಅರಳಿದ ಹಾಗೆ, ಕಾವಲು ಕಿಟಕಿಗಳು ಮುಚ್ಚಿಕೊಂಡವು. ಮೂರು ವರ್ಷದಿಂದ ಮುಚ್ಚಲು ಕಾಯುತ್ತಿದ್ದ ಬಾಗಿಲುಗಳು, ಸ್ನಾನದ ಮನೆಯ ನೀರಿನ ಸದ್ದಿನಲ್ಲಿ ಅಷ್ಟು ದಿನ ಯಾರ ಕಿವಿಗೂ ಬೀಳದ ಟಪ್ಪು. ಸದ್ದು ನಿಂತ ಮೇಲೆ ಬೆನ್ನುಗೆಳತಿಯರು ಒಬ್ಬರ ಬೆನ್ನು ಒಬ್ಬರು ಹಿಡಿದುಕೊಂಡು ನಿಂತಿದ್ದರು. ನಾನೊಬ್ಬಳೇ ಗೋಡೆಗೆ ಒರಗಿಕೊಂಡು, ನನ್ನ ಬೆನ್ನು ಯಾರ ಕೈಗೂ ಸಿಗದ ಹಾಗೆ ನಿಂತಿದ್ದೆ. ಹಾಲಮ್ಮ ಬಂದಿರಲಿಲ್ಲ, ಬಂದಿದ್ದರೂ ಬಿಚ್ಚಲು ಅವಳ ರವಿಕೆಗೆ ಕೊಂಡಿಯೇ ಇರಲಿಲ್ಲವಲ್ಲ.

"ಕಿಟಕಿ ಎಲ್ಲಿರಬೇಕು ಅನ್ನೋದು ಹುಟ್ಟಿನಿಂದ ಬಂದಿದ್ದು, ಅದನ್ನ ಯಾರೂ ಬದಲಾಯಿಸೋಕಾಗಲ್ಲ," ಎಂದು ಸಿಸ್ಟರ್ ಹೇಳಿದರು. "ತೆಗೆಯೋದು, ಮುಚ್ಚೋದು ಮಾತ್ರ ನಾವು ಬದುಕೋ ರೀತಿಗೆ ಸ್ವಲ್ಪ ಬದಲಾಗುತ್ತೆ. ದಿನಾ ಉಸಿರು ಏರೋ ಹಾಗೆ ನಡೆದರೆ ಕೆಲವು ತೆಗೀತವೆ, ಕೆಲವು ಮುಚ್ಕೊಳ್ತವೆ ಅಂತ ನೋಡಿದವರು ಹೇಳ್ತಾರೆ. ಪೂರ್ತಿ ಇನ್ನೂ ಯಾರಿಗೂ ಗೊತ್ತಿಲ್ಲ. ನಡೆದವರಿಗೆ ಗಂಟು ಬರೋದೇ ಇಲ್ಲ ಅಂತ ನಾನು ಆಣೆ ಇಡಲ್ಲ, ಸಂಭವ ಕಮ್ಮಿ ಆಗಬಹುದು. ಆದರೆ ಬಾಗಿಲು ಒಳಗಿನಿಂದ ತೆಗೀಬೇಕು. ಹೊರಗಿಂದ ಎಳೆದು ಕಟ್ಟಿದರೆ ಏನೂ ಉಪಯೋಗ ಇಲ್ಲ."

ನಲವತ್ತೊಂದು ಜೋಡಿ ಕಣ್ಣು ನನ್ನ ಕಡೆ ತಿರುಗಿತು. "ಶಾಲು ಹೊದಿಸಿದ್ರಲ್ಲೇ ನಿಂಗೆ!" ಎಂದು ಯಾರೋ ಕೂಗಿದರು. ನಾನು ನಿಲ್ಲಲಿಲ್ಲ. ಹಿಂಬಾಗಿಲಿನಿಂದ ಮನೆಗೆ ಓಡಿದೆ, ಮೂರು ವರ್ಷದಲ್ಲಿ ನಾನು ಓಡಿದ್ದು ಅದೇ ಮೊದಲು.

ಮನೆಯಲ್ಲಿ ಚಿಲಕ ಹಾಕಿಕೊಂಡು ರವಿಕೆ ಬಿಚ್ಚಿದೆ. ಉಸಿರು ಬಿಗಿಹಿಡಿದು ಕಾದೆ. ಸದ್ದಾಗಲಿಲ್ಲ. ಮತ್ತೆ ತೊಟ್ಟು ಮತ್ತೆ ಬಿಚ್ಚಿದೆ. ಆಗಲೂ ಇಲ್ಲ. ಇದರ ಅರ್ಥವೇನು? ಒಂದೋ, ನನ್ನ ಕಿಟಕಿ ಕೊಂಡಿಯ ಹಂಗಿಲ್ಲದೆ ತೆಗೆದೇ ಇದೆ. ಇಲ್ಲವೇ, ಅದು ಯಾವಾಗಲೋ ಕೊಂಡಿಯಿಂದ ತಪ್ಪಿಸಿಕೊಂಡು ಭದ್ರವಾಗಿ ಮುಚ್ಚಿಹೋಗಿ, ಕೊಂಡಿ ಬರೀ ಗಾಳಿಯನ್ನು ಹಿಡಿದು ನಿಂತಿತ್ತು. ನನ್ನ ಸೊಂಟವನ್ನು ನೋಡಿಕೊಂಡರೆ ಯಾವುದು ನಿಜವೆಂದು ಹೇಳಲು ಬಹಳ ಬುದ್ಧಿ ಬೇಕಾಗಿರಲಿಲ್ಲ. ಹತ್ತಿ ತುಂಬಿದ ಅಮ್ಮನ ರವಿಕೆಗಳು ಕಣ್ಣ ಮುಂದೆ ಬಂದವು.

ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಸಿಸ್ಟರ್ ಕೈಯಿಂದ ಎದೆ, ಕಂಕುಳು ಎಲ್ಲ ಪರೀಕ್ಷೆ ಮಾಡಿ, "ಈಗೇನೂ ಗಂಟು ಸಿಗ್ತಿಲ್ಲ. ನಿಮ್ಮ ಮನೇಲಿ ಇಬ್ಬರಿಗೆ ಆಗಿದೆ, ಅದಕ್ಕೆ ದೊಡ್ಡಾಸ್ಪತ್ರೇಲಿ ವರ್ಷಕ್ಕೊಮ್ಮೆ ಎದೆಯ ಫೋಟೋ ತೆಗೆಸಲೇಬೇಕು," ಎಂದು ಚೀಟಿ ಬರೆದುಕೊಟ್ಟರು. ಆಮೇಲೆ, "ತಿರುಗಿ, ಬೆನ್ನೂ ನೋಡಿಬಿಡ್ತೀನಿ," ಎಂದರು. ನಾನು ಕುರ್ಚಿಯ ಬೆನ್ನಿಗೆ ಗಟ್ಟಿಯಾಗಿ ಒರಗಿ ಕೂತೆ. "ಅದು ಹಾಲಮ್ಮನ ಕೆಲಸ," ಎಂದೆ. "ಹಾಲಮ್ಮ ಎಲ್ಲಿ?" ಎಂದರು. "ಮಾತು ಬಿಟ್ಟಿದ್ದೇವೆ," ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ ರೀತಿಯನ್ನು ಬರೆಯುವುದು ಬೇಡ. ಪದ್ಧತಿ ಬಿಡಬಾರದೆಂದು ನಾನು ಹಾಗೆ ಕೂತದ್ದಲ್ಲ. ಮುಚ್ಚಿದೆ ಎಂಬ ಮಾತು ಕೇಳುವುದಾದರೆ ಹಾಲಮ್ಮನ ಬಾಯಿಂದಲೇ ಕೇಳಬೇಕು, ಬೇರೆಯವರ ಬಾಯಿಂದ ಕೇಳಿ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಅಂದರೆ ಹಾಲಮ್ಮನನ್ನು ಹಿಡಿಯಬೇಕು. ಅವಳ ಮನೆಗೆ ಹೋದರೆ ಬಾಗಿಲು ತೆಗೆಯುವುದಿಲ್ಲ, ಅದು ನನಗೆ ಗೊತ್ತಿತ್ತು. ಬೆಳಗ್ಗೆ ಆರಕ್ಕೆ ಅವಳು ಮೊಸರಿಗೆ ಹೊರಡುವಾಗ ಹಿಂದಿನಿಂದ ಹೋಗಿ ಜೊತೆಗೂಡಿ, ಎರಡು ಮಾತಿನಲ್ಲಿ ತಪ್ಪಾಯಿತು ಎಂದು ಹೇಳಿ ಮುಗಿಸುವುದು ನನ್ನ ಯೋಚನೆ. ಐದು ನಿಮಿಷದ ಕೆಲಸ ಎಂದುಕೊಂಡು ಒಲೆಯ ಮೇಲೆ ಹಾಲಿಟ್ಟೇ ಹೊರಟೆ.

ಅವಳು ಇಪ್ಪತ್ತು ಮಾರು ಮುಂದಿದ್ದಳು. ಒಂದನೇ ಸುತ್ತು ಮುಗಿಯುವಷ್ಟರಲ್ಲಿ ಅದು ನಲವತ್ತು ಮಾರಾಯಿತು. ಎರಡನೇ ಸುತ್ತಿನ ತಿರುವಿನಲ್ಲಿ ನನ್ನ ಕಣ್ಣಿಗೆ ಕತ್ತಲೆ ಬಂದು ಯಾರದೋ ಜಗಲಿಯ ಮೇಲೆ ಕುಸಿದೆ. ಕೂಗೋಣವೆಂದರೆ ಗಂಟಲಿನಲ್ಲಿ ಗಾಳಿಯೇ ಇಲ್ಲ. ಹಾಲಮ್ಮನ ಗಡಿಗೆ ಗೋಡೆಗಳ ಮೇಲಿಂದ ತೇಲಿಕೊಂಡು ಹೋಗಿ ಮಾಯವಾಯಿತು. ಮನೆಗೆ ಬಂದರೆ ಹಾಲು ಉಕ್ಕಿ, ಪಾತ್ರೆ ಸೀದು ಹೋಗಿತ್ತು.

ಮಾರನೆಯ ದಿನ ಮತ್ತೆ ಹೋದೆ, ಅದರ ಮಾರನೆಯ ದಿನವೂ. ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ವಾರದೊಳಗೆ ಒಂದನೇ ಸುತ್ತಿನ ಹೆಂಗಸರೆಲ್ಲ ಕಾಫಿ ಲೋಟ ಹಿಡಿದು ಬೆಳಗ್ಗೆಯೇ ಬಾಗಿಲಿಗೆ ಬಂದು ನಿಲ್ಲತೊಡಗಿದರು. "ಚೂಡಕ್ಕಾ, ಇವತ್ತು ಎಷ್ಟನೇ ಸುತ್ತು?" "ಶಾಲು ಹೊದ್ಕೊಂಡು ಬರಬೇಕಿತ್ತು!" "ಒಂದು ಕೊಂಡಿ ಎಸೆದು ಹಾಲಮ್ಮನ ಸೆರಗು ಹಿಡ್ಕೋ!" ಉತ್ತರ ಕೊಡಲು ನನ್ನ ಬಳಿ ಉಸಿರಿರಲಿಲ್ಲ, ಅದೇ ಅವರ ಪುಣ್ಯ. ಆಮೇಲೆ ಬಾಗಿಲಲ್ಲಿ ನಿಂತರೆ ಮುಂದಿನ ತಮಾಷೆ ಕಾಣುವುದಿಲ್ಲವೆಂದು ನಾಲ್ಕು ಜನ ನನ್ನ ಹಿಂದೆಯೇ ಬಂದರು. ನಾಲ್ಕು ಹದಿನಾಲ್ಕಾಯಿತು. ತಿಂಗಳು ಕಳೆಯುವಷ್ಟರಲ್ಲಿ ಮುಂದೆ ಹಾಲಮ್ಮ, ನಡುವೆ ಏದುಸಿರಿನ ನಾನು, ಹಿಂದೆ ಸೆರಗು ಬಿಗಿದ ಮೂವತ್ತು ಹೆಂಗಸರು, ಹೀಗೆ ಬೆಳಗಾಗುತ್ತಿತ್ತು ನಮ್ಮೂರಿಗೆ. ಜುಬೇದಾ ಸಿಸ್ಟರ್ ಆಸ್ಪತ್ರೆಯ ಗೇಟಿನಲ್ಲಿ ನಿಂತು ನಗುತ್ತಾ ಕೈಬೀಸುತ್ತಿದ್ದರು. ಗಂಡಸರು ಮಾತ್ರ ಉಪ್ಪಿಟ್ಟು ತಡವಾಯಿತೆಂದು ಸಂಘದಲ್ಲಿ ಒಂದು ನಿರ್ಣಯ ಮಾಡಿದರು. ಅದನ್ನು ಯಾರೂ ಓದಲಿಲ್ಲ.

ಹಾಲಮ್ಮ ಒಂದು ದಿನವೂ ಹಿಂದೆ ತಿರುಗಲಿಲ್ಲ. ನಾನು ನಾಲ್ಕನೇ ಸುತ್ತು ಮುಟ್ಟಿದ ದಿನ ಅವಳು ಐದರಲ್ಲಿದ್ದಳು. ನಾನು ಆರು ಮುಟ್ಟಿದಾಗ ಏಳರಲ್ಲಿ. ನಾನು ತೀರಾ ಸೋತು ನಿಂತ ದಿನ ಅವಳೂ ಮುಂದೆ ಎಲ್ಲೋ ನಿಂತು ಒಂದು ಆಕಳ ಕುತ್ತಿಗೆ ತುರಿಸುತ್ತಿರುತ್ತಿದ್ದಳು. ನಾನು ಎರಡು ಹೆಜ್ಜೆ ಇಟ್ಟರೆ ಹೊರಟುಬಿಡುತ್ತಿದ್ದಳು. ನನ್ನನ್ನು ಆಟವಾಡಿಸುತ್ತಿದ್ದಾಳೆ, ಊರೆದುರು ಕುಣಿಸುತ್ತಿದ್ದಾಳೆ ಎಂದು ಮೈಯುರಿಯುತ್ತಿತ್ತು. ಆ ಉರಿಯಲ್ಲೇ ಇನ್ನೂ ಒಂದು ಸುತ್ತು ಹತ್ತುತ್ತಿದ್ದೆ. ಮನೆಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತಾಗ ಮತ್ತೆ ಭಯ ಶುರುವಾಗುತ್ತಿತ್ತು. ಇನ್ನೆರಡು ವರ್ಷ ಕಳೆದರೆ ಅಮ್ಮನ ವಯಸ್ಸು. ಅಷ್ಟರೊಳಗೆ ಈ ಹಾಳಾದವಳು ಕೈಗೆ ಸಿಗುತ್ತಾಳೋ ಇಲ್ಲವೋ.

ಮೂರನೇ ತಿಂಗಳು ಒಂಬತ್ತನೇ ಸುತ್ತು ಮುಟ್ಟಿದೆ. ಅಲ್ಲಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಪುಟ್ಟತಾಯಜ್ಜಿ ನನ್ನನ್ನು ಕಂಡು ನೀರು ಕೊಟ್ಟಳು.

"ನೀನು ಟೈಲರ್ ಚೂಡಿ ಅಲ್ವೇನವ್ವ? ಒಂದು ಮಾತು ಕೇಳ್ತೀನಿ. ಆ ಹಾಲಮ್ಮಂಗೆ ಮೈ ಹುಷಾರಿದ್ಯಾ?"

"ಯಾಕಜ್ಜಿ?"

"ಮೇಲಿನ ಸುತ್ತುಗಳಲ್ಲಿ ನಮಗೆಲ್ಲಾ ಮನೆಗೆರಡು ಎಮ್ಮೆ. ಇಲ್ಲಿ ಮೊಸರು ಕೊಳ್ಳೋರು ಯಾರು? ಅವಳದು ಆರನೇ ಸುತ್ತಿಗೇ ಮುಗಿದುಹೋಗುತ್ತೆ, ನನ್ನ ಮಗಳ ಮನೆ ಅಲ್ಲೇ ಇರೋದು, ಗೊತ್ತು ನಂಗೆ. ಒಂದು ತಿಂಗಳಿಂದ ಖಾಲಿ ಗಡಿಗೆ ಹೊತ್ಕೊಂಡು ದಿನಾ ಇಲ್ಲಿಗಂಟ ಬರ್ತಾವ್ಳೆ. ತಿರುವಲ್ಲಿ ನಿಂತು ಇಣುಕಿ ಇಣುಕಿ ಕೆಳಗೆ ನೋಡ್ತಾಳೆ, ಮತ್ತೆ ನಡೀತಾಳೆ. ಗಾಳಿ ಸೋಕಿರಬೇಕು ಕಣವ್ವ, ಒಂದು ನಿಂಬೆಹಣ್ಣು ಇಳಿತೆಗೆಸಿ."

ಲೋಟ ಅಜ್ಜಿಯ ಕೈಗೆ ಕೊಟ್ಟೆನೋ ನೆಲಕ್ಕೆ ಬಿಟ್ಟೆನೋ ನೆನಪಿಲ್ಲ. ರಸ್ತೆಯ ಮಧ್ಯೆ ನಿಂತು, ಗುಡ್ಡವೆಲ್ಲ ಕೇಳುವಂತೆ ಕೂಗಿದೆ: "ಹಾಲವ್ವಾ! ನಿಲ್ಲೇ! ನಿಲ್ಲೇ ಅಲ್ಲೇ, ನಾಚಿಕೆಗೆಟ್ಟವಳೇ!" ಕೂಗಿ ಮುಗಿದ ಮೇಲೆ, ಇಷ್ಟೆಲ್ಲ ಕೂಗಲು ನನ್ನಲ್ಲಿ ಉಸಿರು ಎಲ್ಲಿಂದ ಬಂತು ಎಂದು ನನಗೇ ಆಶ್ಚರ್ಯವಾಯಿತು. ಹತ್ತನೇ ಸುತ್ತನ್ನು ಓಡಿಕೊಂಡೇ ಹತ್ತಿದೆ.

ಅವಳು ಹನ್ನೊಂದನೇ ಸುತ್ತಿನ ತುದಿಯಲ್ಲಿ, ನೆತ್ತಿಯ ಹಾಸುಬಂಡೆಯ ಮೇಲೆ ಗಡಿಗೆ ಬೋರಲು ಹಾಕಿ, ಅದರ ಪಕ್ಕದಲ್ಲಿ ಕೂತಿದ್ದಳು.

"ಬಂದ್ಯಾ? ಮೂರು ತಿಂಗಳು ಬೇಕಾಯ್ತು ನಿಂಗೆ."

"ಖಾಲಿ ಗಡಿಗೆ ಹೊತ್ಕೊಂಡು ಯಾರಿಗೆ ಮೊಸರು ಮಾರೋಕೆ ಬರ್ತಿದ್ದೆ ಇಲ್ಲಿಗಂಟ?"

"ನಿನ್ನ ಸೊಂಟ ಕರಗಿಸೋಕೆ. ಎರಡು ಇಂಚಂತೆ, ಎರಡು ಇಂಚು! ಊರಿಗೇ ಗೊತ್ತು ನಾಲ್ಕು ಅಂತ."

"ಕೆಳಗೆ ಒಂದು ನಿಮಿಷ ನಿಂತು ಮಾತಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಕೆಳಗೆ ನಿಂತಿದ್ರೆ ನೀನು ತಪ್ಪಾಯ್ತು ಅಂತಿದ್ದೆ, ಬೆನ್ನು ತೋರಿಸ್ತಿದ್ದೆ, ನಾನು ಮುಚ್ಚಿದೆ ಅಂತಿದ್ದೆ. ನೀನು ಮನೇಲಿ ಮುಸುಕು ಹಾಕ್ಕೊಂಡು ಮಲಗಿಬಿಡ್ತಿದ್ದೆ. ನಿನ್ನ ನಾನು ಕಾಣೆನಾ? ಈಗ ಆ ನೀರಿನ ಮಾತಿಗೆ ಏನಂತೀಯ, ಮೊದಲು ಹೇಳು."

"ತಪ್ಪಾಯ್ತು ಕಣೇ. ನಿನ್ನ ಮೊಸರು ಗಟ್ಟಿ."

"ಎಷ್ಟು ಗಟ್ಟಿ?"

"ಗಡಿಗೆ ಬೋರಲು ಹಾಕಿದ್ರೂ ಬೀಳಲ್ಲ."

"ಹಂಗೆ ಬಾ ದಾರಿಗೆ," ಎಂದು ಅವಳು ಜಾಗ ಬಿಟ್ಟು ಸರಿದಳು.

ಅಷ್ಟರಲ್ಲಿ ಮೂವತ್ತು ಹೆಂಗಸರ ಪರಿವಾರ ತಿರುವಿಗೆ ಬಂದಿತ್ತು. ನಾನು ರವಿಕೆಗೆ ಕೈ ಹಾಕಿದ್ದು ಕಂಡು ಪದ್ಧತಿಯಂತೆ ಎಲ್ಲರೂ ಆಚೆ ಮುಖ ಮಾಡಿ ನಿಂತರು. ಕಿವಿಗಳು ಮಾತ್ರ ನಮ್ಮ ಕಡೆಗೇ ಇದ್ದವು. ನಾನು ಹಾಲಮ್ಮನಿಗೆ ಬೆನ್ನು ಕೊಟ್ಟು ಕೂತೆ. ಹುಕ್ಕುಗಳನ್ನು ಅವಳೇ ಕೈ ಚಾಚಿ ಬಿಚ್ಚಿದಳು. ತಣ್ಣನೆಯ ಗಾಳಿ ಬೆನ್ನಿಗೆ ತಾಗಿತು. ಅವಳ ಬೆರಳು ಮೇಲಿನಿಂದ ಒಂದು, ಎರಡು ಎಂದು ಇಳಿಯುತ್ತಿದ್ದಂತೆ ನನ್ನ ಧೈರ್ಯವೆಲ್ಲ ಜಾರಿಹೋಯಿತು.

"ಹಾಲವ್ವ, ಮುಚ್ಚಿದ್ರೂ ತೆಗೆದಿದೆ ಅಂತ ಹೇಳಿಬಿಡೇ," ಎಂದೆ. "ನಂಗೆ ಭಯ ಆಗ್ತಿದೆ. ಸುಳ್ಳಾದ್ರೂ ಪರವಾಗಿಲ್ಲ."

ಅವಳ ಬೆರಳು ಅಲ್ಲೇ ನಿಂತಿತು.

"ನಿಮ್ಮಮ್ಮನೂ ಹಂಗೇ ಕೇಳಿದ್ಲಂತೆ," ಎಂದಳು.

ನಮ್ಮಮ್ಮನ ಬೆನ್ನುಗೆಳತಿ ಹಾಲಮ್ಮನ ತಾಯಿಯೇ. ಇಬ್ಬರೂ ಎಂದೋ ಹೋದವರು.

"ನಮ್ಮಮ್ಮ ಹೇಳಿಬಿಟ್ಲು ಕಣೇ. ಎರಡು ವರ್ಷ, ಪ್ರತಿ ಶುಕ್ರವಾರ, ತೆಗೆದಿದೆ ತೆಗೆದಿದೆ ಅಂತ. ನಿಮ್ಮಮ್ಮ ಅದನ್ನೇ ನಂಬ್ಕೊಂಡು ಗಂಟು ಕೈಗೆ ಸಿಕ್ಕಿದ ಮೇಲೂ ಕೈ ಮೀರೋ ತನಕ ಆಸ್ಪತ್ರೆ ಕಡೆ ಹೋಗ್ಲಿಲ್ಲ. ಸಾಯೋ ಮುಂಚೆ ನಮ್ಮಮ್ಮ ನನ್ನ ಕೈ ಹಿಡ್ಕೊಂಡು ಹೇಳಿದ್ಲು ಇದನ್ನ. ಕೊಂಡಿ ನೋಡಿದ ದಿವಸ ನಂಗೆ ಯಾಕೆ ಹಂಗಾಯ್ತು ಅಂತ ಈಗ ಗೊತ್ತಾಯ್ತಾ?"

ಒಂದು ಗಳಿಗೆ ಹಾಲಮ್ಮನ ತಾಯಿಯ ಮೇಲೆ ಕೆಟ್ಟ ಕೋಪ ಬಂತು. ಅದು ಬಂದಷ್ಟೇ ಬೇಗ ಹೋಯಿತು, ಏಕೆಂದರೆ ಈಗ ತಾನೇ ಅದೇ ಸುಳ್ಳನ್ನು ನಾನೂ ಬೇಡಿದ್ದೆ. ಅಮ್ಮ ಕಲ್ಲಿನಂಥವಳು ಎಂದು ತಿಳಿದಿದ್ದೆ. ಅವಳೂ ಹೀಗೇ ಬೆನ್ನು ತಿರುಗಿಸಿ ಕೂತು, ಹೀಗೇ ನಡುಗಿದ್ದಳು ಎಂದು ಇಷ್ಟು ವರ್ಷ ನನಗೆ ಹೊಳೆದಿರಲೇ ಇಲ್ಲ. ಅಳು ಬಂತು, ಅತ್ತೆ.

"ಇದ್ದದ್ದು ಇದ್ದ ಹಾಗೆ ಹೇಳು," ಎಂದೆ.

ಅವಳು ಬಗ್ಗಿದಳು. ಬಹಳ ಹೊತ್ತು ನೋಡಿದಳು.

"ಪೂರ್ತಿ ತೆಗೆದಿಲ್ಲ."

ನಾನು ಕಣ್ಣು ಮುಚ್ಚಿಕೊಂಡೆ.

"ಪೂರ್ತಿ ಮುಚ್ಚಿಯೂ ಇಲ್ಲ. ಚೌಕಟ್ಟಿನ ಸುತ್ತ ಇದ್ದ ಧೂಳೆಲ್ಲ ಉದುರಿ, ಹೊಸದಾಗಿ ಬಿಟ್ಕೊಂಡಿದೆ. ಒಂದು ಸೂಜಿ ಹೋಗೋವಷ್ಟು ಸಂದಿ."

ಬೇರೆ ಯಾರಾದರೂ ಅಷ್ಟಕ್ಕೇ ದೇವರಿಗೆ ಕೈಮುಗಿಯುತ್ತಿದ್ದರು. ಮೂವತ್ತು ವರ್ಷ ಸೂಜಿಯ ಜೊತೆ ಬಾಳಿದವಳಿಗೆ ಆ ಮಾತು ಸಾಲಲಿಲ್ಲ.

"ಯಾವ ಸೂಜಿ? ಕೈಸೂಜಿನಾ, ಮಿಶನ್ ಸೂಜಿನಾ? ಸರಿಯಾಗಿ ನೋಡಿ ಹೇಳೇ!"

ಅವಳು ಮತ್ತೆ ಬಗ್ಗಿದಳು. ಅವಳ ಉಸಿರು ನನ್ನ ಬೆನ್ನಿಗೆ ಬಿಸಿಯಾಗಿ ತಾಗಿತು.

"ದಬ್ಬಣ," ಎಂದಳು. "ಗೋಣಿಚೀಲ ಹೊಲಿಯೋ ದಬ್ಬಣ."

"ದಬ್ಬಣ!" ಎಂದು ನಾನು ಕೂಗಿದೆ. ತಿರುವಿನಲ್ಲಿ ಆಚೆ ಮುಖ ಮಾಡಿ ನಿಂತಿದ್ದವರು ಹೋ ಎಂದು ಬೊಬ್ಬೆ ಹಾಕಿದರು. ಕೂಗಿ ಮುಗಿಯುವ ಮುಂಚೆಯೇ ನನಗೆ ಅನುಮಾನ ಶುರುವಾಯಿತು. "ಸುಳ್ಳಲ್ಲ ತಾನೇ?" ಎಂದು ಕೇಳಿದೆ.

ಹಾಲಮ್ಮ ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದಳು, ಹಲ್ಲು ಅದುರುವಂಥ ಗುದ್ದು. ಸಮಾಧಾನ ಮಾಡಲು ಸುಳ್ಳು ಹೇಳುವವರು ಅಷ್ಟು ಜೋರಾಗಿ ಗುದ್ದುವುದಿಲ್ಲ. ನಾನು ಕಣ್ಣೊರೆಸಿಕೊಂಡು, ರವಿಕೆ ಏರಿಸಿಕೊಂಡು, ಅವಳ ಹೆಗಲು ಹಿಡಿದೆ. ಆ ಹೆಗಲೂ ಸಣ್ಣಗೆ ನಡುಗುತ್ತಿತ್ತು. ಮೂರು ವರ್ಷದಿಂದ ಅವಳ ಬೆನ್ನನ್ನೂ ಯಾರೂ ನೋಡಿರಲಿಲ್ಲ.

"ತಿರುಗೇ," ಎಂದೆ.